ಉಪ್ಪಿನಕಾಯಿ ಬಾಟಲಿಯ ಮಂಡಿಪುಡಿ

ಸಿಂಗಾಪುರದ ಬುಕಿತ್ ಬಾಟೋಕ್‌ನಲ್ಲಿ ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನ, ಅಂದರೆ ಗೋಡೆಯಿಲ್ಲದ ನೆಲಮಹಡಿಯ, ಕಲ್ಲುಬೆಂಚಿನ ಮೇಲೆ ಕೂತು ಎರಡು ವರ್ಷ, ಪ್ರತಿ ಭಾನುವಾರ, ನಾನು ಸ್ಟೀರಾಯ್ಡ್ ಎಂಬ ದುಷ್ಟಪದಾರ್ಥವನ್ನು ಖಂಡಿಸಿ ಉಪನ್ಯಾಸ ನೀಡಿದ್ದೇನೆ. ಸಭಿಕರು ಮೂವರು. ಅವರಲ್ಲೊಬ್ಬರು ಲಿಫ್ಟಿಗೆ ಕಾಯುತ್ತಿದ್ದವರು.

“ಇಂಗ್ಲಿಷ್ ಮದ್ದು ಮುಟ್ಟಬೇಡಿ. ನನ್ನನ್ನು ನೋಡಿ!” ಎನ್ನುತ್ತಿದ್ದೆ.

ನೋಡುವ ಹಾಗೂ ಇದ್ದೆ. ಮಂಡಿನೋವು ಮಾಯವಾಗಿತ್ತು, ಕೆನ್ನೆ ತುಂಬಿ ಮುಖ ದುಂಡಗಾಗಿತ್ತು. ಕಾರಣ, ಮೈಸೂರಿನ ಕಡೆಯ ವೈದ್ಯರೊಬ್ಬರ ಪುಡಿ. ಅದು ಉಪ್ಪಿನಕಾಯಿ ಬಾಟಲಿಯಲ್ಲಿ ಕೂತು, ಷಡ್ಡಕನ ಸೂಟ್‌ಕೇಸಿನಲ್ಲಿ ಸಿಂಗಾಪುರಕ್ಕೆ ಬರುತ್ತಿತ್ತು. ಇಲ್ಲಿಯ ಡಾಕ್ಟರರ ಮುಂದೆ ಅದರ ಸುದ್ದಿ ಎತ್ತಕೂಡದೆಂದು ಹೆಂಡತಿಗೆ ನನ್ನ ಕಟ್ಟಾಜ್ಞೆ. ಅರಿಯದ ಜನ, ನಕ್ಕಾರು.

ಒಮ್ಮೆ ಷಡ್ಡಕ ಪ್ರಯಾಣ ಮುಂದೂಡಿದ, ಬಾಟಲಿ ಬರಿದಾಯಿತು. ಅದೇ ವಾರ ನನಗೆ ನ್ಯುಮೋನಿಯಾ ಹಿಡಿದು, ಐಸಿಯುನಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದೆ. ಮುಂದಿನದು ಹೆಂಡತಿಯ ಬಾಯಿಂದ ಕೇಳಿದ್ದು. ಅವಳದನ್ನು ಈಗಲೂ ಬಂದವರಿಗೆಲ್ಲ ಕಾಫಿಯ ಜೊತೆ ಬಡಿಸುತ್ತಾಳೆ.

ಆಂಟಿಬಯಾಟಿಕ್ ಕೊಟ್ಟರು, ಬಾಟಲಿಗಟ್ಟಲೆ ಸಲೈನ್ ಏರಿಸಿದರು, ಬಿಪಿ ಎತ್ತುವ ಔಷಧವನ್ನು ಹೆಚ್ಚಿಸುತ್ತಲೇ ಹೋದರು. ಬಿಪಿ ಏಳಲಿಲ್ಲ. ಮನೆಯಲ್ಲಿ ಏನಾದರೂ ಮಾತ್ರೆ ತಗೊಳ್ತಾರಾ ಎಂದು ಕೇಳಿದ್ದಕ್ಕೆ ಇವಳು, “ತಲೆನೋವಿಗೂ ತಗೊಳ್ಳಲ್ಲ” ಎಂದು ಹೆಮ್ಮೆಯಿಂದಲೇ ಹೇಳಿದ್ದಳು. ಆಗ ಕನ್ನಡಕದ ಚೀನೀ ಡಾಕ್ಟರ್ ಹುಡುಗಿಯೊಬ್ಬಳು ನನ್ನ ಮುಂಗೈ ಎತ್ತಿ ನೋಡಿದಳಂತೆ. ತೆಳ್ಳಗಾದ ಚರ್ಮ, ಅಲ್ಲಲ್ಲಿ ನೇರಳೆ ಕಲೆ. ಆಮೇಲೆ ನನ್ನ ಕೆನ್ನೆ ನೋಡಿದಳು.

“ಆಂಟಿ, ಅಂಕಲ್ ಮುಖ ಯಾವಾಗಲೂ ಹೀಗೇನಾ?”

“ಎರಡು ವರ್ಷದಿಂದ. ಮೈಕೈ ತುಂಬ್ಕೊಂಡಿದ್ದಾರೆ.”

“ಎರಡು ವರ್ಷದಿಂದ ಏನು ತಗೊಳ್ತಿದ್ದಾರೆ? ಹೇಳಿ ಆಂಟಿ. ಹೇಳದಿದ್ದರೆ ಅಂಕಲ್ ಉಳಿಯೋದು ಕಷ್ಟ.”

ನಮ್ಮ ದಾಂಪತ್ಯದಲ್ಲಿ ಅವಳು ನನ್ನ ಆಜ್ಞೆ ಮೀರಿದ್ದು ಅದೇ ಮೊದಲೇನಲ್ಲ. ಅಷ್ಟು ವೇಗವಾಗಿ ಮೀರಿದ್ದು ಮೊದಲು.

ತಡಮಾಡದೆ ನರಕ್ಕೆ ಹೈಡ್ರೋಕಾರ್ಟಿಸೋನ್ ಕೊಟ್ಟರು. ಸಂಜೆಯೊಳಗೆ ಬಿಪಿ ಎದ್ದು ಕೂತಿತು. ಬಾಟಲಿಯ ತಳ ಕೆರೆದು ಪರೀಕ್ಷಿಸಿದರೆ ಪುಡಿಯಲ್ಲಿದ್ದದ್ದು, ಹೌದು, ಸ್ಟೀರಾಯ್ಡ್. ಹೊರಗಿನ ಸರಬರಾಜು ನೋಡಿ, ಮೈಯೊಳಗೇ ಅದನ್ನು ತಯಾರಿಸುವ ನನ್ನ ಗ್ರಂಥಿಗಳು ಬಾಗಿಲು ಹಾಕಿಕೊಂಡಿದ್ದವು. ಪುಡಿ ನಿಂತು ಜ್ವರ ಬಂದಾಗ ಒಳಗೆ ಕರೆದರೆ ಓ ಎನ್ನುವವರಿರಲಿಲ್ಲ.

ಎಚ್ಚರವಾದ ಮೇಲೆ ನನಗೆ ಹಸಿವೋ ಹಸಿವು. ದುಂಡು ಮುಖದ ಹಾಗೆ ಅದೂ ಸ್ಟೀರಾಯ್ಡಿನ ಗುಣವಂತೆ; ನರಕ್ಕೆ ಕೊಟ್ಟದ್ದೂ ಅದೇ. ಆಸ್ಪತ್ರೆಯ ಗಂಜಿಯನ್ನು ಎರಡನೇ ಸಲ ಕೇಳಿದ ಏಕೈಕ ಕನ್ನಡಿಗ ನಾನೇ ಇರಬೇಕು. ಹೆಂಡತಿ ಚಮಚ ಹಿಡಿದು ಹೇಳಿದಳು: “ಮನೆಗೆ ಹೋದಮೇಲೆ ಇನ್ನೊಂದು ಪ್ರವಚನ ಮಾಡ್ಬೇಕು. ನಿಜ ಹೇಳ್ಬೇಕು. ನಾನೂ ಬರ್ತೀನಿ.”

ಮೊದಲ ಭಾನುವಾರವೇ ಹೇಳಿದೆ. ಸಭಿಕರು ಮೂವರೇ, ಆದರೆ ಯಾರೂ ಲಿಫ್ಟಿಗೆ ಕಾಯುತ್ತಿರಲಿಲ್ಲ. ನನ್ನ ಮಾತು ಮುಗಿಯಿತು. ಅವರಲ್ಲಿ ಉಡುಪಿ ಕಡೆಯ ಅಂಕಲ್ ಒಬ್ಬರು ಮಾತ್ರ ಏಳಲಿಲ್ಲ. ತಮ್ಮ ಮಂಡಿ ಸವರಿಕೊಂಡು ಮೆಲ್ಲಗೆ ಕೇಳಿದರು:

“ಅಲ್ಲ ಮಾರಾಯ್ರೆ, ನೀವು ಕೊಟ್ಟ ಆ ಚಿಕ್ಕ ಬಾಟಲಿ... ಅದೂ ಅದೇಯಾ? ಇವತ್ತೇ ಎಸೀತೇನೆ.”

“ಅಯ್ಯೋ, ತಟ್ಟಂತ ನಿಲ್ಲಿಸ್ಬೇಡಿ!” ಎಂದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಕೂಗಿದೆವು.

ಸೋಮವಾರ ಬೆಳಿಗ್ಗೆ ಬಾಟಲಿಯ ಸಮೇತ ಅವರನ್ನು ಪಾಲಿಕ್ಲಿನಿಕ್ಕಿಗೆ ಕರೆದುಕೊಂಡು ಹೋದದ್ದು ನಾನೇ. ಅಲ್ಲಿನ ಡಾಕ್ಟರ್ ಬಾಯಿ ತೆರೆಯುವ ಮುನ್ನವೇ ಪುಡಿಯ ಕಥೆಯನ್ನೆಲ್ಲ ಒಪ್ಪಿಸಿದೆ. ಅವರು ನಗಲಿಲ್ಲ.