ಶಾಂಗ್ ಚಿಕ್ಕಮ್ಮ ಸುಮ್ಮನೆ ಬೀಳುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಂಗ್ ಮನೆತನದ ತೈ ಚಿ ಸಮರಕಲೆ ಶಾಲೆಯ ಅಂಗಳದಲ್ಲಿ ಶಾಂಗ್ ಗುಯಿಲಿಯನ್ ಮೋಟು ಮಣೆಯೊಂದರ ಮೇಲೆ ಕುಳಿತು, ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿ ಬಲಮಂಡಿಯ ಮೇಲೆ ಇಟ್ಟುಕೊಳ್ಳುತ್ತಾರೆ. ಕೈ ತಣ್ಣಗಾದರೆ ಮತ್ತೆ ಉಜ್ಜುತ್ತಾರೆ. ಹಳದಿ ನದಿಯ ಕಡೆಯಿಂದ ಬೀಸುವ ಗಾಳಿಗೆ, ಗೋಡೆಗೆ ಒಣಹಾಕಿದ ಮುಸುಕಿನ ಜೋಳದ ತೆನೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ವಿದ್ಯಾರ್ಥಿಗಳ ಕೋಣೆಗಳಲ್ಲಿ ಯಾರೋ ಕೆಮ್ಮುತ್ತಾರೆ, ಯಾರೋ ಬಕೆಟ್ಟು ಎಡವಿ ಬೈಸಿಕೊಳ್ಳುತ್ತಾರೆ. ಮಂಡಿ ಒಪ್ಪಿತು ಅನ್ನಿಸಿದ ಮೇಲೆ ಗುಯಿಲಿಯನ್ ಎದ್ದು, ಬಟ್ಟೆಯ ಬೂಟಿನ ಹಿಮ್ಮಡಿ ಸರಿಪಡಿಸಿಕೊಂಡು, ಅಂಗಳದ ನಡುವೆ ಹೋಗಿ ನಿಲ್ಲುತ್ತಾರೆ. ತಳ್ಳಿಸಿಕೊಳ್ಳುವುದಕ್ಕೆ.

ಅದೇ ಅವರ ಕೆಲಸ. ಇಲ್ಲಿಗೆ ಬಂದು ಉಳಿದು ಕಲಿಯುವವರೆಲ್ಲ ಮೊದಲ ತಿಂಗಳು ಕಂಬದ ಹಾಗೆ ನಿಲ್ಲುವುದನ್ನು ಕಲಿಯುತ್ತಾರೆ, ಆಮೇಲೆ ನಿಧಾನ ನಡೆಗಳನ್ನು. ಕಲಿತದ್ದು ಮೈಗೆ ಹತ್ತಿದೆಯೋ ಇಲ್ಲವೋ ಗೊತ್ತಾಗುವುದು ಇನ್ನೊಬ್ಬರ ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಮೆಲ್ಲನೆ ಸುತ್ತು ಹಾಕುತ್ತ, ಅವರ ಕಾಲನ್ನು ನೆಲದಿಂದ ಕದಲಿಸಲು ಹೊರಟಾಗ. ಹೊಸಬರ ಪಾಲಿಗೆ ಆ ಇನ್ನೊಬ್ಬರು ಯಾವಾಗಲೂ ಗುಯಿಲಿಯನ್. ದಿನಕ್ಕೆ ಮೂವತ್ತು, ಮೂವತ್ತೈದು ಮಂದಿ ಅವರನ್ನು ತಳ್ಳುತ್ತಾರೆ. ಎಲ್ಲರ ಬಾಯಲ್ಲೂ ಅವರು ಶಾಂಗ್ ಚಿಕ್ಕಮ್ಮ.

ಇವತ್ತು ಮೊದಲು ಬಂದವನು ಹೌ ದಾಷುನ್. ಲಾರಿ ಓಡಿಸುತ್ತಿದ್ದ ನಲವತ್ತರ ಆಳು, ಬಾಗಿಲು ತುಂಬುವಂಥ ಮೈ. ರಕ್ತದೊತ್ತಡವೂ ಸಿಟ್ಟೂ ಒಟ್ಟಿಗೆ ಏರತೊಡಗಿದಾಗ ಹೆಂಡತಿಯೇ ಇವನ ಚೀಲ ಕಟ್ಟಿ ಇಲ್ಲಿಗೆ ಕಳಿಸಿದಳು.

"ಚಿಕ್ಕಮ್ಮ, ತಿಂಡಿ ಆಯ್ತಾ?"

"ನಿನ್ನನ್ನ ನೋಡಿದ ಮೇಲೇನೇ ನಂಗೆ ಹಸಿವು ಶುರುವಾಗೋದು. ಬಾ, ಕೈ ಕೊಡು."

ಮಣಿಕಟ್ಟುಗಳು ತಾಗುತ್ತವೆ. ಒಂದು ಸುತ್ತು, ಎರಡು ಸುತ್ತು. ದಾಷುನ್ ಉಸಿರು ಬಿಗಿಹಿಡಿಯುತ್ತಾನೆ.

"ಲಾರಿ ಸ್ಟಾರ್ಟ್ ಮಾಡ್ತಿದೀಯೇನೋ?"

"ಇಲ್ಲ ಚಿಕ್ಕಮ್ಮ."

"ಮತ್ತೆ ಭುಜ ಯಾಕೆ ಕಿವಿ ಹತ್ರ ಬಂತು? ಇಳಿಸು ಅದನ್ನ, ಯಾರೂ ಕದಿಯಲ್ಲ."

ಅವನು ಇಳಿಸುತ್ತಾನೆ. ಆದರೆ ತಳ್ಳುವ ಹೊತ್ತಿಗೆ ಭುಜ ಮತ್ತೆ ತಾನಾಗಿ ಮೇಲೆ ಬರುತ್ತದೆ. ಗುಯಿಲಿಯನ್ ಸೊಂಟವನ್ನು ಇಷ್ಟೇ ಇಷ್ಟು ತಿರುಗಿಸುತ್ತಾರೆ. ದಾಷುನ್ ಅವರನ್ನು ದಾಟಿಕೊಂಡು ಮೂರು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಾನೆ. ಸಾಲಿನಲ್ಲಿದ್ದವರು ನಗುತ್ತಾರೆ.

"ನಗಬೇಡ್ರೋ, ನಿಮ್ಮ ಸರದೀನೂ ಬರುತ್ತೆ," ಎಂದು ಗುಯಿಲಿಯನ್ ಗದರುತ್ತಾರೆ. ಗದರುವಾಗ ಅವರಿಗೂ ನಗು.

ಇದು ಸುಲಭದ ಕೆಲಸವೆಂದು ನೋಡಿದವರಿಗೆ ಅನ್ನಿಸಬಹುದು. ಗಟ್ಟಿಯಾಗಿ ನಿಂತರೆ ಸಾಕಲ್ಲ ಎಂದು. ಸಾಕಾಗುವುದಿಲ್ಲ. "ಗೋಡೆ ಥರ ನಿಂತ್ರೆ ಅವರು ಇನ್ನೂ ಜೋರಾಗಿ ಗುದ್ದೋದನ್ನ ಕಲೀತಾರೆ, ಅಷ್ಟೇ. ಸಡಿಲ ಬಿಟ್ರೆ ಏನೂ ಕಲಿಯಲ್ಲ. ಎದುರಿಗಿರೋರ ಕೈಯಲ್ಲಿ ಎಷ್ಟಿದೆಯೋ ನನ್ನ ಮೈಯಲ್ಲೂ ಅಷ್ಟೇ ಇರಬೇಕು. ಅವರು ಸರಿಯಾಗಿ ಮಾಡಿದ ದಿನ ನನ್ನ ಕಾಲು ತಾನಾಗಿ ಹೋಗ್ಬೇಕು," ಎನ್ನುತ್ತಾರೆ ಗುಯಿಲಿಯನ್. ಹಾಗೆ ಕಾಲು ಹೋದ ದಿನ ಅವರು ಹಿಂದಕ್ಕೆ ಮುಗ್ಗರಿಸುತ್ತಲೇ ದೊಡ್ಡದಾಗಿ ನಗುತ್ತಾರೆ. ಆ ನಗು ಕೇಳಿದರೆ ಅಡುಗೆಯವರೂ ಸೌಟು ಹಿಡಿದುಕೊಂಡು ಹೊರಗೆ ಬಂದು, ಯಾರು ಬೀಳಿಸಿದ್ದು ಎಂದು ವಿಚಾರಿಸುತ್ತಾರೆ.

ಅವರು ಈ ಶಾಲೆಗೆ ಬಂದದ್ದು ನೀರು ಹೊರುವುದಕ್ಕೆ. ಗಂಡ ಯುವಾನ್ ಗಾರೆ ಕೆಲಸದವರು. ಪೂರ್ವದ ಗೋಡೆ ಕಟ್ಟಲು ಅವರು ಬಂದಾಗ ಇವರೂ ಜೊತೆಗೆ ಬಂದರು. ಆಗ ಇಲ್ಲಿ ನಲ್ಲಿ ಇರಲಿಲ್ಲ. ಹೆಗಲಿಗೆ ಅಡ್ಡೆ ಹಾಕಿಕೊಂಡು, ಎರಡು ತುದಿಗೂ ತುಂಬಿದ ಬಕೆಟ್ಟು ತೂಗಿಸಿ, ಚಳಿಗಾಲದಲ್ಲಿ ಮಂಜುಗಟ್ಟಿದ ಇಳಿಜಾರಿನಲ್ಲಿ ಹನಿ ಚೆಲ್ಲದೆ ಬರುತ್ತಿದ್ದರು. ಈಗ ತೀರಿಹೋಗಿರುವ ಹಿರಿಯ ಮೆಂಗ್ ಗುರುಗಳು ಅದನ್ನು ಬಾಗಿಲಲ್ಲಿ ನಿಂತು ನೋಡಿದರು. ನುರಿತ ಶಿಕ್ಷಕರ ಎದುರು ನಿಂತ ಹೊಸಬರು ಹಾರಿ ಬಿದ್ದು, ಹೆದರಿಕೆಯೊಂದನ್ನು ಬಿಟ್ಟು ಬೇರೇನೂ ಕಲಿಯುತ್ತಿಲ್ಲ ಎಂಬುದು ಅವರ ಚಿಂತೆಯಾಗಿತ್ತು. "ನೀರು ಹೊರೋಕೆ ಬೇರೆಯವರು ಸಿಗ್ತಾರೆ. ನೀನು ಇವರೆದುರಿಗೆ ನಿಲ್ಲು," ಎಂದರು.

ನಿಂತರು. ಮೊದಲೆರಡು ವರ್ಷ ತಳ್ಳಿದವರೆಲ್ಲರ ಕೈಯಲ್ಲೂ ಬಿದ್ದರು. "ಸೊಂಟ ಬದನೇಕಾಯಿ ಬಣ್ಣಕ್ಕೆ ತಿರುಗಿತ್ತು. ಹಾಸಿಗೆ ಮೇಲೆ ಮಗ್ಗುಲು ಬದಲಿಸೋಕೂ ಇವರನ್ನೇ ಎಬ್ಬಿಸ್ಬೇಕಿತ್ತು," ಎಂದು ಗಂಡನ ಕಡೆ ತೋರಿಸುತ್ತಾರೆ. ಯುವಾನ್ ಈಗ ಶಾಲೆಯ ಗೇಟಿನ ಪಕ್ಕ ಗೋಧಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಬಿಸಿ ಮಂತೌ ಉಂಡೆ ಮಾರುತ್ತಾರೆ. ಹೆಂಡತಿಯ ವಿಷಯ ಕೇಳಿದರೆ ಆವಿಪಾತ್ರೆಯ ಮುಚ್ಚಳ ತೆಗೆದು ಹಿಡಿದುಕೊಂಡೇ ಉತ್ತರ ಕೊಡುತ್ತಾರೆ: "ಇವರೆಲ್ಲ ದುಡ್ಡು ಕೊಟ್ಟು ಇವಳನ್ನ ತಳ್ಳೋಕೆ ಬರ್ತಾರಲ್ಲ, ನಂಗೆ ಆಶ್ಚರ್ಯ. ನಾನು ಮೂವತ್ತು ವರ್ಷದಿಂದ ಪುಕ್ಕಟೆ ತಳ್ತಾ ಇದೀನಿ, ಒಂದಿಂಚು ಅಲ್ಲಾಡಿಲ್ಲ."

ಶಾಲೆಯ ಹಜಾರದ ಗೋಡೆಯಲ್ಲಿ ಪದಕ ಗೆದ್ದವರ ಚಿತ್ರಗಳಿವೆ. ಅವರಲ್ಲಿ ಬಹುತೇಕ ಎಲ್ಲರೂ ಮೊದಲು ಕೈ ತಾಗಿಸಿದ್ದು ಗುಯಿಲಿಯನ್ ಅವರಿಗೆ. ಹುಡುಕಿದರೆ ಒಂದು ಚಿತ್ರದ ಅಂಚಿನಲ್ಲಿ ಅವರ ಮೊಣಕೈ ಕಾಣುತ್ತದೆ. ಅದು ಮೊಣಕೈ ಎಂದೂ, ಅವರದೇ ಎಂದೂ ಯಾರಾದರೂ ಹೇಳಬೇಕು.

ಇವತ್ತು ಶನಿವಾರ. ಬೆಳಗಿನ ಗಂಜಿಯ ಹೊತ್ತಿಗೆ ಗುಯಿಲಿಯನ್ ಮಾತು ಕಡಿಮೆ ಮಾಡುತ್ತಾರೆ. ನವಣೆ ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಆವಿಯನ್ನೇ ನೋಡುತ್ತ ಕೂರುತ್ತಾರೆ. ಕಾರಣ ನಿನ್ನೆ ಸಂಜೆಯ ಮಾತು.

ಶಾಲೆಯನ್ನು ಈಗ ನೋಡಿಕೊಳ್ಳುತ್ತಿರುವವರು ಹಿರಿಯ ಗುರುಗಳ ಮಗ ಮೆಂಗ್ ಕುನ್. ಕೆಟ್ಟವರಲ್ಲ. ಇಲ್ಲೇ ಉಳಿದು ಕಲಿಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಕೋಣೆಗಳ ಮಾಡು ಸೋರುತ್ತದೆ. ಶನಿವಾರಗಳಂದು ನಗರದಿಂದ ಬಂದು ಅರ್ಧ ದಿನ ಕಲಿತು ಹೋಗುವ ಅತಿಥಿಗಳಿಂದಲೇ ಅಡುಗೆಮನೆಯ ಒಲೆ ಉರಿಯುತ್ತಿದೆ. ಈ ಶನಿವಾರ ಬರುವವರು ಝೆಂಗ್‌ಝೌ ನಗರದ ಫಾನ್ ಮೇಡಂ. ಪರದೆ ಬಟ್ಟೆಯ ಕಾರ್ಖಾನೆ ನಡೆಸುವವರು. ಇಲ್ಲಿ ಅವರ ಮನಸ್ಸಿಗೆ ಹಿಡಿಸಿದರೆ ವರ್ಷವಿಡೀ ತಮ್ಮ ಕೆಲಸಗಾರರನ್ನು ತಂಡ ತಂಡವಾಗಿ ಕಳಿಸಬಹುದು.

"ಅವರು ತಳ್ಳಿದಾಗ ಬಿದ್ದುಬಿಡಿ ಚಿಕ್ಕಮ್ಮ," ಎಂದಿದ್ದರು ಕುನ್. "ಬಿದ್ರೆ ಏನು ಹೋಗುತ್ತೆ? ಮಣ್ಣು ತಾನೆ, ಕೊಡವಿಕೊಂಡ್ರೆ ಆಯ್ತು. ಮೂರು ಜನ ಶಿಕ್ಷಕರೂ ಒಪ್ಪಿದಾರೆ."

"ಅವರ ಕೈ ಕೆಡುತ್ತೆ ಕಣಪ್ಪ. ತಪ್ಪು ಮಾಡಿದ್ದೇ ಸರಿ ಅಂತ ಕೈ ಕಲಿತುಬಿಡುತ್ತೆ."

"ಅವರು ಅರ್ಧ ದಿನಕ್ಕೆ ಬರೋರು! ಕಲಿಯೋಕಲ್ಲ, ಖುಷಿಗೆ." ಬೇರೆ ಕಡೆ ನೋಡುತ್ತ ಸೇರಿಸಿದ್ದರು: "ನಿಮ್ಮ ಮಂಡಿನೂ ಸರಿಯಿಲ್ಲ. ನಾಳೆ ನಿಮ್ಮ ಕೈಲಿ ಆಗಲ್ಲ ಅನ್ನೋದಾದ್ರೆ, ಸೋಮವಾರದಿಂದ ಅಡುಗೆಮನೇಲೇ ಇದ್ದುಬಿಡಿ. ಅಲ್ಲೂ ಜನ ಬೇಕು."

ಮೃದುವಾಗಿ ಹೇಳಿದ ಮಾತು. ಅದರ ಅರ್ಥ ಮಾತ್ರ ಗುಯಿಲಿಯನ್ ಅವರಿಗೆ ಸ್ಪಷ್ಟವಾಗಿತ್ತು: ನಾಳೆ ಬೀಳದಿದ್ದರೆ ಅಂಗಳ ಬಿಡಬೇಕು. ಮನೆಗೆ ಹೋಗಿ ಹೇಳಿದಾಗ ಯುವಾನ್ ತಮಾಷೆ ಮಾಡಲಿಲ್ಲ. "ಒಂದೇ ಒಂದು ಸಲ ಬಿದ್ದುಬಿಡೇ," ಎಂದರು.

ಒಂಬತ್ತರ ಹೊತ್ತಿಗೆ ಬಿಸಿಲು ಚೆನ್ನಾಗಿ ಬಿದ್ದಿರುತ್ತದೆ. ಅತಿಥಿಗಳು ಹೊಸ ಬಿಳಿ ಉಡುಪಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ಬಟ್ಟೆಗಳ ಮೇಲೆ ಅಂಗಡಿಯ ಮಡಿಕೆ ಇನ್ನೂ ಹಾಗೇ ಇದೆ. ಫಾನ್ ಮೇಡಂಗೆ ಐವತ್ತರ ಆಸುಪಾಸು. ಗಿಡ್ಡ ಕೂದಲು, ಗಟ್ಟಿ ದನಿ. ಅವರು ಮೊದಲ ಶಿಕ್ಷಕನನ್ನು ತಳ್ಳುತ್ತಾರೆ, ಅವನು ಹಿಂದಕ್ಕೆ ಹೋಗುತ್ತಾನೆ. ಎರಡನೆಯವನು ಕುಕ್ಕರಿಸುತ್ತಾನೆ. ಮೂರನೆಯವನು ಗೋಡೆಯವರೆಗೂ ಉರುಳಿಕೊಂಡು ಹೋಗಿ ಎದ್ದು ಕೈ ಮುಗಿಯುತ್ತಾನೆ. ಕಾರ್ಖಾನೆಯವರು ಚಪ್ಪಾಳೆ ತಟ್ಟುತ್ತಾರೆ. ಫಾನ್ ಮೇಡಂ ಕೆನ್ನೆ ಕೆಂಪಾಗಿ, ಚಿಕ್ಕ ಹುಡುಗಿಯ ಹಾಗೆ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಾರೆ.

"ಇನ್ನು ಚಿಕ್ಕಮ್ಮ," ಎನ್ನುತ್ತಾರೆ ಕುನ್.

ಗುಯಿಲಿಯನ್ ಮುಂದೆ ಬರುತ್ತಾರೆ. ಮಣಿಕಟ್ಟು ತಾಗಿದ ಕೂಡಲೇ ಅವರ ಹುಬ್ಬು ತುಸು ಮೇಲೇರುತ್ತದೆ. ಇದು ಬರೀ ಕುರ್ಚಿಯಲ್ಲಿ ಕೂತ ಕೈಯಲ್ಲ, ಒಂದು ಕಾಲಕ್ಕೆ ಮಗ್ಗದಲ್ಲಿ ದುಡಿದದ್ದು ಎಂದು ತಮಗೆ ಆಗಲೇ ಗೊತ್ತಾಯಿತೆಂದು ಆಮೇಲೆ ಹೇಳುತ್ತಾರೆ. ಕುನ್ ಕಣ್ಣು ಅವರ ಮೇಲೇ ಇದೆ. ಗೇಟಿನ ಬಳಿ ಯುವಾನ್ ಆವಿಪಾತ್ರೆಯ ಮುಚ್ಚಳ ಹಾಕುವುದನ್ನು ಮರೆತು ನಿಂತಿದ್ದಾರೆ.

ಫಾನ್ ಮೇಡಂ ತಳ್ಳುತ್ತಾರೆ. ಏನೂ ಆಗುವುದಿಲ್ಲ. ಉಸಿರು ತೆಗೆದುಕೊಂಡು ಮತ್ತೆ ತಳ್ಳುತ್ತಾರೆ. ಗುಯಿಲಿಯನ್ ಇದ್ದಲ್ಲೇ ಇದ್ದಾರೆ. ಮುಖದಲ್ಲಿ ಗೆಲುವಿಲ್ಲ, ಬಿಗುವೂ ಇಲ್ಲ. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ಕೆಳಗಿಳಿಯುತ್ತವೆ. ಮೂರನೆಯ ಸಲ ಫಾನ್ ಮೇಡಂ ಮೈಯ ಭಾರವನ್ನೆಲ್ಲ ಹಾಕಿ ತಳ್ಳಿ, ಕೈ ಕೆಳಗೆ ಬಿಟ್ಟು, ಹಿಂದೆ ತಿರುಗಿ ಆ ಮೂವರು ಶಿಕ್ಷಕರನ್ನು ನೋಡುತ್ತಾರೆ.

"ಹಾಗಾದ್ರೆ ಇವರೆಲ್ಲ ಯಾಕೆ ಬಿದ್ರು?"

ಗೋಡೆಯವರೆಗೆ ಉರುಳಿದವನು ತನ್ನ ಬೂಟು ನೋಡಿಕೊಳ್ಳುತ್ತಾನೆ. ಕುನ್ ಅವರ ಕಿವಿಗಳು ಕೆಂಪಾಗುತ್ತವೆ.

"ಬೆಳಿಗ್ಗೆ ನೀರು ಚಿಮುಕಿಸಿದ್ರಮ್ಮ," ಎನ್ನುತ್ತಾರೆ ಗುಯಿಲಿಯನ್, ಏನೂ ಆಗದವರ ಹಾಗೆ. "ನೆಲ ಒದ್ದೆ. ಹುಡುಗರದು ಹೊಸ ಬೂಟು. ಜಾರಿಬಿಟ್ರು."

ಅವರು ಈ ಮಾತು ಆಡುವಾಗಲೇ ಗಾಳಿಗೆ ಅಂಗಳದ ಧೂಳು ಎದ್ದು ಎಲ್ಲರ ಬಿಳಿ ಷರಾಯಿಗಳ ಮೇಲೆ ಕೂರುತ್ತದೆ. ಫಾನ್ ಮೇಡಂ ನೆಲ ನೋಡುತ್ತಾರೆ. ಗುಯಿಲಿಯನ್ ಮುಖ ನೋಡುತ್ತಾರೆ.

"ಮತ್ತೆ ನೀವ್ಯಾಕೆ ಜಾರಲಿಲ್ಲ?"

"ನಂದು ಹಳೇ ಬೂಟು."

ಫಾನ್ ಮೇಡಂ ಗಟ್ಟಿಯಾಗಿ ನಕ್ಕುಬಿಡುತ್ತಾರೆ. "ಸರಿ ಅಕ್ಕ, ನಂದೆಲ್ಲಿ ತಪ್ಪಾಯ್ತು ಹೇಳಿ," ಎಂದು ಅಂಗಿಯ ತೋಳು ಮಡಚಿ ನಿಲ್ಲುತ್ತಾರೆ.

ಅವರ ಜನ ಬೇಯಿಸಿದ ಗೆಣಸು ತಿನ್ನಲು ಹೋಗುತ್ತಾರೆ. ಇವರಿಬ್ಬರು ಮಾತ್ರ ಅಂಗಳದಲ್ಲೇ ಉಳಿಯುತ್ತಾರೆ. ಗುಯಿಲಿಯನ್ ಒಂದು ಬೆರಳಿನಿಂದ ಫಾನ್ ಮೇಡಂ ಮೊಣಕೈಯನ್ನು ಕೆಳಗಿಳಿಸುತ್ತಾರೆ, ಅಂಗೈಯಿಂದ ಸೊಂಟ ಮುಟ್ಟಿ ತೋರಿಸುತ್ತಾರೆ, "ಇಲ್ಲಿಂದ ಬರ್ಲಿ, ಕೈಗೆ ಏನೂ ಹೇಳ್ಬೇಡಿ," ಎನ್ನುತ್ತಾರೆ. ಅಷ್ಟು ಹೊತ್ತು ಪ್ರಯತ್ನಪಟ್ಟರೂ ಫಾನ್ ಮೇಡಂಗೆ ಗುಯಿಲಿಯನ್ ಅವರನ್ನು ಕದಲಿಸಲಾಗುವುದಿಲ್ಲ. ಹೊರಡುವಾಗ ಫಾನ್ ಮೇಡಂ ಕುನ್ ಅವರಿಗೆ ಹೇಳುವುದು ಇಷ್ಟೇ: "ಯೋಚನೆ ಮಾಡಿ ತಿಳಿಸ್ತೀನಿ." ಕಾರಿನ ಬಾಗಿಲು ಮುಚ್ಚುತ್ತದೆ. ಆ ಯೋಚನೆ ಯಾವ ಕಡೆಗೆ ವಾಲುತ್ತದೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಗುಯಿಲಿಯನ್ ಯಾರೂ ಹೇಳುವ ಮೊದಲೇ ಅಡುಗೆಮನೆಯ ಹಿಂಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಾರೆ. ಕುನ್ ಬರುತ್ತಾರೆ. ಬಾಗಿಲಿಗೆ ಒರಗಿ ನಿಲ್ಲುತ್ತಾರೆ.

"ಮುಂದಿನ ವಾರದಿಂದ ಅತಿಥಿಗಳು ಬಂದಾಗ ನೀವು ಅಂಗಳಕ್ಕೆ ಬರೋದು ಬೇಡ ಚಿಕ್ಕಮ್ಮ."

"ಸರಿಯಪ್ಪ." ಒಂದು ಎಸಳು ಬಿಡಿಸಿ ಬಟ್ಟಲಿಗೆ ಹಾಕುತ್ತಾರೆ. "ಉಳಿದ ದಿನ?"

ಗುಯಿಲಿಯನ್ ಅವರ ಬೆರಳುಗಳು ನಿಂತಿವೆ.

"ಉಳಿದ ದಿನ ನಿಮ್ಮನ್ನ ಇಲ್ಲಿ ಕೂರಿಸಿದ್ರೆ ಆ ದಾಷುನ್ ನನ್ನನ್ನ ಲಾರಿ ಕೆಳಗೆ ಹಾಕ್ತಾನೆ," ಎನ್ನುತ್ತಾರೆ ಕುನ್. ಮತ್ತೆ, ಸಣ್ಣ ದನಿಯಲ್ಲಿ: "ನೆಲ ಒದ್ದೆ ಅಂದ್ರಲ್ಲ..." ಒಲೆಯ ಬಳಿ ಹೋಗಿ, ಒಂದು ಬಟ್ಟಲು ನೂಡಲ್ಸ್ ಹಾಕಿಕೊಂಡು, ನಿಂತುಕೊಂಡೇ ತಿಂದು ಹೋಗುತ್ತಾರೆ.

ಅವರು ಹೋದ ದಾರಿಯನ್ನೇ ನೋಡುತ್ತ ಗುಯಿಲಿಯನ್ ಬೆಳ್ಳುಳ್ಳಿಯ ಸಿಪ್ಪೆಯನ್ನು ಮಡಿಲಿನಿಂದ ಕೊಡವುತ್ತಾರೆ. "ಪಾಪ, ಅವನ ತಲೆ ಮೇಲೆ ಒಂದು ಮಾಡಿನ ಭಾರ ಇದೆ. ಅವನ ಮರ್ಯಾದೆಗೆ ಅಂತ ಬಾಯಲ್ಲೊಂದು ಸುಳ್ಳು ಹೇಳಿದೆ. ಬೇಕಿದ್ರೆ ಇನ್ನೂ ನಾಲ್ಕು ಹೇಳ್ತೀನಿ. ಕಾಲಲ್ಲಿ ಹೇಳೋಕೆ ನಂಗೆ ಬರಲ್ಲ."

ಶನಿವಾರ ಅಂಗಳ ತಪ್ಪಿದ್ದಕ್ಕೆ ಬೇಸರವಿಲ್ಲವೇ ಎಂದರೆ, ಇದೆ ಎನ್ನುತ್ತಾರೆ. ಮುಚ್ಚಿಡುವುದಿಲ್ಲ. ಫಾನ್ ಮೇಡಂ ಇನ್ನೊಂದು ತಿಂಗಳು ಬಂದರೆ ತಮ್ಮನ್ನು ನಿಜವಾಗಿಯೇ ಕದಲಿಸುತ್ತಾರೆ, ಅಷ್ಟು ಒಳ್ಳೆಯ ಕೈ ಎಂದು ಎರಡೆರಡು ಸಲ ಹೇಳುತ್ತಾರೆ. ಬೀಳುವುದೇ ಇಲ್ಲವೆಂದು ಈ ಚಿಕ್ಕಮ್ಮನಿಗೆ ಜಂಬವಿರಬೇಕು ಎಂದು ಶಿಕ್ಷಕರಲ್ಲಿ ಒಬ್ಬಿಬ್ಬರು ಆಡಿಕೊಂಡದ್ದು ಅವರ ಕಿವಿಗೂ ಬಿದ್ದಿದೆ. ಆ ಮಾತಿಗೆ ಮಾತ್ರ ತಲೆ ಎತ್ತಿ, ನೇರ ನೋಡಿ ಉತ್ತರ ಕೊಡುತ್ತಾರೆ.

"ನಾನು ಬೀಳಲ್ಲ ಅಂತ ಯಾರು ಹೇಳಿದ್ದು? ಈ ಅಂಗಳದಲ್ಲಿ ನಾನು ಬಿದ್ದಷ್ಟು ಯಾರೂ ಬಿದ್ದಿಲ್ಲ. ಒಂದೊಂದು ಸಲಾನೂ ತಳ್ಳಿದೋರೇ ಬೀಳಿಸಿದ್ದು."