ಅಕ್ಕನ ಕೋಣೆಯ ಬೆಳಕಿಂಡಿ

ನಾನು ಚಿಕ್ಕವಳಿದ್ದಾಗ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ, ಅದು ನಿಮಗೂ ಗೊತ್ತು. ಬೇರೆ ಸಿಟ್ಟುಗಳೆಲ್ಲ ಬಂದವು, ಹೋದವು. ಒಂದು ಮಾತ್ರ ಇಷ್ಟು ವರ್ಷವಾದರೂ ಆರಿಲ್ಲ. ಅದನ್ನು ಇವತ್ತು ಹೇಳಿಬಿಡುತ್ತೇನೆ, ಕೇಳಿ ಮಕ್ಕಳೇ.

ಆಗ ನಾವು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಲ್ಲಿದ್ದೆವು. ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಒಂದೊಂದು ಕೋಣೆಗೂ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬೆಳಕು ಒಳಗೆ ಬರಲಿ, ಹೊಗೆ ಮತ್ತು ಸೆಕೆ ಹೊರಗೆ ಹೋಗಲಿ ಎಂದು ಹಿರಿಯರು ಬಿಟ್ಟ ತೂತು ಅದು. ಹೊರಗೆ ನೆಲ ಬಿರಿಯುವ ಬಿಸಿಲಿದ್ದರೂ ಒಳಗೆ ಹಾಯಾಗಿ ನಿದ್ದೆ ಬರುತ್ತಿತ್ತು.

ಅಕ್ಕನನ್ನು ಅಫಜಲಪುರದ ಕಡೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಡುಬೇಸಿಗೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಅವತ್ತಿನಿಂದ ಆಯಿಯ, ಅಂದರೆ ನಮ್ಮ ಅಜ್ಜಿಯ, ದರ್ಬಾರು ಶುರುವಾಯಿತು. ಬಾಣಂತಿಗೆ ಗಾಳಿ ತಾಗಬಾರದಂತೆ! ಕಿಟಕಿಗೆ ಅಗಳಿ ಬಿತ್ತು. ಬೆಳಕಿಂಡಿಗೆ ಹರಕು ಕೌದಿ ತುರುಕಿಸಿ ಮೇಲೊಂದು ಹಾಸುಗಲ್ಲು ಇಡಿಸಿದಳು. ಅಕ್ಕನ ಕಿವಿಗೆ ಅರಿವೆ, ಕೂಸಿನ ತಲೆಗೆ ಕುಂಚಿಗೆ. ಬೆಳಿಗ್ಗೆ ಸಂಜೆ ಮಂಚದ ಕೆಳಗೆ ಕೆಂಡ, ಅದರ ಮೇಲೆ ಲೋಬಾನದ ಹೊಗೆ. ಕುಡಿಯಲು ನೀರು ಕೇಳಿದರೆ ಎರಡೇ ಗುಟುಕು. ಅವ್ವ ತನ್ನ ಅತ್ತೆಗೆ ಎದುರಾಡುವವಳಲ್ಲ. ಇಷ್ಟೆಲ್ಲ ಮಾಡಿಸಿ ಆಯಿ ಮಲಗುತ್ತಿದ್ದದ್ದೆಲ್ಲಿ? ಅಂಗಳದ ಬೇವಿನ ಮರದ ಕೆಳಗೆ, ಗಾಳಿಗೆ ಮೈಯೊಡ್ಡಿ!

ಕೂಸು ಹಗಲೂ ರಾತ್ರಿ ಅಳುತ್ತಿತ್ತು. ಅದರ ಕತ್ತು, ಕಂಕುಳೆಲ್ಲ ಬೆವರುಸಾಲೆ ಎದ್ದು ಕೆಂಪಾಗಿತ್ತು. ಎರಡು ಸಲ ಹಾಲು ಚೀಪುವುದು, ಬಾಯಿ ಬಿಟ್ಟು ಚೀರುವುದು. ದಿನದಿಂದ ದಿನಕ್ಕೆ ಅದು ಸೊರಗುತ್ತಿದ್ದದ್ದು ಒಂಬತ್ತು ವರ್ಷದ ನನಗೇ ಕಾಣುತ್ತಿತ್ತು, ದೊಡ್ಡವರಿಗೆ ಕಾಣಲಿಲ್ಲ.

“ಕೂಸಿಗಿ ನೆದರ ಆಗ್ಯಾದ, ತಾಯತ ಕಟ್ರಿ” ಎಂದಳು ಆಯಿ. ಕಟ್ಟಿದರು.

ಅಪ್ಪನಿಗೂ ಕರುಳು ಚುರ್ ಎಂದಿರಬೇಕು. ಆಳಂದದ ಬಜಾರಿನಲ್ಲಿ ಯಾವುದೋ ಅಂಗಡಿಯ ಬಾಗಿಲಿಗೆ ನೀರು ಹೊಡೆದ ಪರದೆ ನೋಡಿ ಬಂದವನು, ಎರಡು ಗೋಣಿತಟ್ಟು ತೋಯಿಸಿ ಅಕ್ಕನ ಕೋಣೆಯ ಬಾಗಿಲಿಗೆ ಇಳಿಬಿಟ್ಟ. “ನೋಡ್ರಿ, ಈಗ ಈ ಖೋಲಿ ಮಹಾಬಳೇಶ್ವರ ಆಗ್ತದ” ಎಂದು ಮೀಸೆ ತಿರುವಿದ. ಗಾಳಿ ಬರದ ತಟ್ಟಿಗೆ ಆಯಿಯೂ ಬೇಡ ಎನ್ನಲಿಲ್ಲ.

ಬೇಸಿಗೆಯಲ್ಲೂ ತಂಪಿರುವ ಗುಡ್ಡದೂರು ಮಹಾಬಳೇಶ್ವರವಂತೆ! ಮೇಲಿನ ಕಿಂಡಿ ಮುಚ್ಚಿದ್ದರೆ ತಟ್ಟಿನ ತೇವ ಎಲ್ಲಿ ಹೋಗಬೇಕು? ಅದೂ ಒಳಗೇ ಉಳಿಯಿತು. ಮೊದಲು ಬರೀ ಕಾವು ಇತ್ತು, ಈಗ ಇಡ್ಲಿ ಪಾತ್ರೆಯ ಒಳಗಿನ ಹಬೆ. ಮರುದಿನ ಮಧ್ಯಾಹ್ನ ನಾನು ಒಳಗೆ ಹೋದರೆ ಒದ್ದೆ ಗೋಣಿ, ಲೋಬಾನ, ಹುಳಿಹಾಲಿನ ವಾಸನೆ ಸೇರಿ ಉಸಿರು ಕಟ್ಟಿತು. ಅಕ್ಕನ ಕುಪ್ಪಸ ಹಿಂಡುವ ಹಾಗಿತ್ತು.

“ಕಣ್ಣಿಗಿ ಕಣ್ಣ ಹಚ್ಚಿ ಎಂಟ ದಿನ ಆತ ತಂಗಿ. ಈಗಂತೂ ಬೆವರು ಒಣಗವಲ್ಲದು” ಎಂದಳು ಅಕ್ಕ. ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ನಾನು ಬೇವಿನ ಮರದ ಕೆಳಗೆ ಓಡಿ ಆಯಿಯನ್ನು ಎಬ್ಬಿಸಿದೆ. “ಆಯಿ, ಕಿಂಡಿ ತೆಗಸು. ಅಕ್ಕ ಒಳಗ ಕುದಿಯಾಕತ್ತಾಳ. ಒಲಿ ಉರಿಯೋ ಅಡಗಿ ಮನಿನೇ ತಂಪದ. ಅಲ್ಲಿ ಕಿಂಡಿ ತೆರದದ.”

“ಬಾಯಿ ಮುಚ್ಚ ಬೇ! ಗಾಳಿ ಹತ್ತಿ ಸನ್ನಿ ಆದ್ರ ನೀ ನೋಡ್ತಿ ಏನ?” ಎಂದು ಆಯಿ ಮಗ್ಗುಲಾದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಏಣಿ ಹಾಕಿ ಮಾಳಿಗೆ ಹತ್ತಿದೆ. ಕಾದ ಮಣ್ಣಿಗೆ ಅಂಗಾಲು ಸುಟ್ಟವು. ಹಾಸುಗಲ್ಲನ್ನು ಎರಡೂ ಕೈಯಿಂದ ಪಕ್ಕಕ್ಕೆ ನೂಕಿ ಕೌದಿಯನ್ನು ಜಗ್ಗಿದೆ. ಒಳಗಿನ ಹಬೆ ಮುಖಕ್ಕೆ ಬಡಿಯಿತು. ಕೆಳಗೆ ಬಾಗಿಲ ತಟ್ಟು ಒಳಮುಖವಾಗಿ ಉಬ್ಬಿದ್ದು ಕಂಡಿತು. ಹೊರಗಿನ ಒಣಗಾಳಿ ಒದ್ದೆ ಗೋಣಿಯನ್ನು ಹಾಯ್ದು ತಂಪಾಗಿ ಒಳಗೆ ಹೊಕ್ಕು, ಮೇಲಿನ ಕಿಂಡಿಯಿಂದ ಹೊರಬೀಳುತ್ತಿತ್ತು. ಅಪ್ಪನ ಪರದೆ ಕೆಲಸ ಮಾಡಿದ್ದು ಆಗ.

ಸ್ವಲ್ಪ ಹೊತ್ತಿಗೆ ಕೂಸಿನ ಅಳು ನಿಂತಿತು.

ಎಂಟು ದಿನ ಅತ್ತ ಕೂಸು ಒಮ್ಮೆಲೇ ಸುಮ್ಮನಾದರೆ ಯಾರಿಗೆ ಎದೆ ಹಾರುವುದಿಲ್ಲ? ಆಯಿ ಎದೆ ಬಡಿದುಕೊಳ್ಳುತ್ತ ಎದ್ದಳು. ಅಪ್ಪ ಮಾಳಿಗೆಯ ಮೇಲೆ ನನ್ನನ್ನು ನೋಡಿದವನೇ ಇಳಿಸಿ, ಕೆನ್ನೆಗೆ ಫಟಾರನೆ ಬಿಟ್ಟ. “ಕೂಸಿಗಿ ಏನರೆ ಆತಂದ್ರ ನಿನ್ನ ಬಿಡಂಗಿಲ್ಲ!” ಎಂದು ಗುಡುಗಿದ. ಎಲ್ಲರೂ ಒಳಗೆ ನುಗ್ಗಿದರು.

ಕೂಸು ಮುಷ್ಟಿ ಬಿಚ್ಚಿ ಮಲಗಿತ್ತು. ಹೊಟ್ಟೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಪಕ್ಕದಲ್ಲಿ ಅಕ್ಕ ಕಿವಿಯ ಅರಿವೆ ಕಿತ್ತೆಸೆದು ಗೋಡೆಗೆ ಒರಗಿದ್ದಳು.

“ನೋಡ್ರಿ, ತಾಯತ ಹತ್ತಿತು!” ಎಂದಳು ಆಯಿ.

ಪೆಟ್ಟು ನನಗೆ, ಹೆಸರು ತಾಯತಕ್ಕೆ! ಆಯಿ ಕಿಂಡಿಗೆ ಕೌದಿಯನ್ನು ಮತ್ತೆ ತುರುಕಿಸಲು ಹೊರಟಾಗ ಅಕ್ಕ ಮೊದಲ ಸಲ ದನಿ ಎತ್ತಿದಳು. “ಆ ಕಿಂಡಿ ಯಾರರೆ ಮುಚ್ಚಿದ್ರ, ನಾ ಹಸಿಮೈಲೆ ಗಂಡನ ಮನಿಗಿ ಹೋಗ್ತೇನಿ. ಎಂಟ ದಿನದಾಗ ಒಬ್ಬರರೆ ಕೇಳೀರೇನು, ನಿನಗ ಹ್ಯಾಂಗ ಆಗ್ಯಾದ ಅಂತ?”

ಅಪ್ಪ ಆಯಿಯನ್ನು ತಡೆದ. ಕಿಂಡಿ ಮುಚ್ಚಲಿಲ್ಲ. ನನ್ನ ಕೆನ್ನೆಯ ಬಗ್ಗೆ ಮಾತ್ರ ಯಾರೂ ಮಾತೆತ್ತಲಿಲ್ಲ, ಇವತ್ತಿನವರೆಗೂ.

ಈಗ ನಿಮ್ಮ ವಿಷಯಕ್ಕೆ ಬರೋಣ. ಕಲಬುರಗಿಯ ಈ ಮನೆಗೆ ಬೆಳಕಿಂಡಿ ಇಲ್ಲ, ಎಸಿ ಇದೆ. ಆಯಿಗೆ ಗಾಳಿ ಎಂದರೆ ಭಯ, ನಿಮಗೆ ಬೆವರು ಎಂದರೆ ಭಯ. ಚಳಿ ಹುಟ್ಟುವಷ್ಟು ತಂಪು ಮಾಡಿ, ಮೇಲೆ ರಗ್ಗು ಹೊದ್ದು, ಇನ್ನೂ ತಂಪು ಬೇಕೆಂದು ರಿಮೋಟಿಗೆ ಕಿತ್ತಾಡುತ್ತೀರಿ. ಅದೇ ಕೋಣೆಯಲ್ಲಿ ನಿಮ್ಮ ಅವ್ವ ಹದಿನೈದು ದಿನದ ನಿಮ್ಮ ತಮ್ಮನನ್ನು ಎದೆಗವಚಿಕೊಂಡು ಮುದುಡಿ ಮಲಗಿರುತ್ತಾಳೆ. ಕೂಸಿನ ಮೂಗು ಕಟ್ಟಿ ಗೊರಗೊರ ಎನ್ನುವುದು ನಿಮಗೆ ಕೇಳುವುದಿಲ್ಲವೇ?

ಬೆಳಿಗ್ಗೆಯಿಂದ ರಿಮೋಟು ಹುಡುಕಿ ಮನೆಯೆಲ್ಲ ಕೆದರಿದ್ದೀರಲ್ಲ, ಕದ್ದವಳು ನಾನೇ. ಅದು ನಿಮ್ಮ ಅವ್ವನ ದಿಂಬಿನ ಕೆಳಗಿದೆ. ಬೇಕಾದರೆ ಹೋಗಿ, ಆದರೆ ಮೊದಲು ಅವಳನ್ನು ಕೇಳಿ: “ಅವ್ವಾ, ನಿನಗ ಹ್ಯಾಂಗ ಆಗ್ಯಾದ?”