ಅವ್ವನ ಖಣ, ಯಾದಮ್ಮನ ಸೀರೆ

ಹೈದರಾಬಾದಿಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅಮೀರ್‌ಪೇಟ್‌ನ ಗಲ್ಲಿಯೊಂದರಲ್ಲಿ, ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟಿನ ಹೊರಗೆ ಬಟ್ಟೆಯ ರಾಶಿ ಬಿದ್ದಿತ್ತು. ಚೂಡಿದಾರ, ಜೀನ್ಸ್, ದುಪಟ್ಟಾ, ಬೆಡ್‌ಶೀಟು, ಒಂದಾದರೂ ಹರಿದದ್ದಿಲ್ಲ. ನಮ್ಮ ಗುಳೇದಗುಡ್ಡದಲ್ಲಿ ಹರಿಯದ ಬಟ್ಟೆ ಹೀಗೆ ಬೀದಿಗೆ ಬೀಳುವುದು ಉಟ್ಟವರು ತೀರಿಕೊಂಡಾಗ ಮಾತ್ರ. ಇಷ್ಟು ಬಟ್ಟೆ ಅಂದರೆ ಎಷ್ಟು ಜನ! ಬರುವ ಅರೆಬರೆ ಹಿಂದಿಯಲ್ಲಿ ವಾಚ್‌ಮನ್‌ನನ್ನು, ಯಾರು ಸತ್ತರು ಅಂತ ಕೇಳಿದೆ. ಅವನು ಮೊದಲು ಗಾಬರಿಯಾದ, ಆಮೇಲೆ ನಕ್ಕ. "ಕೋಯೀ ನೈ ಮರಾ ಅಮ್ಮಾ, ಬ್ಯಾಚ್ ಖತಂ ಹೋಗಯಾ" ಅಂದ. ಯಾರೂ ಸತ್ತಿರಲಿಲ್ಲ, ಕಂಪ್ಯೂಟರ್ ಕೋರ್ಸು ಮುಗಿದಿತ್ತು. ಕೆಲಸ ಸಿಕ್ಕವರು ಹೊಸ ಬಟ್ಟೆ ಕೊಳ್ಳುತ್ತಾರೆ, ಹಳೆಯದನ್ನು ಹೊರುವವರು ಯಾರು? ನಾನು ಆ ರಾಶಿಯನ್ನು ಸುತ್ತುಹಾಕಿಕೊಂಡು ನಡೆದುಹೋದೆ.

ನಾವು ಇದ್ದದ್ದು ಸನತ್‌ನಗರದಲ್ಲಿ. ನಮ್ಮ ಮನೆಯವರಿಗೆ ಪಟಾನ್‌ಚೆರುವಿನ ಔಷಧಿ ಫ್ಯಾಕ್ಟರಿಯಲ್ಲಿ ಕೆಲಸ. ದಿನವೂ ಬಸ್ಸು. ಸಂಜೆ ಮನೆಗೆ ಬಂದರೆ ಅಂಗಿಯಲ್ಲಿ ಎಂಥದೋ ಘಾಟು ವಾಸನೆ, ಎಷ್ಟು ಒಗೆದರೂ ಹೋಗದು. ಮಹಡಿಯ ಮೇಲೆ ಎರಡು ಕೋಣೆ, ಕೆಳಗೆ ಯಾದಮ್ಮನ ಮನೆ. ಊರಲ್ಲಿ ನಮ್ಮ ಮನೆಯ ನಡುವೆಯೇ ಮಗ್ಗದ ಕುಣಿ ಇತ್ತು. ಅಪ್ಪ ಅದರಲ್ಲಿ ಕಾಲಿಳಿಬಿಟ್ಟು ಕೂತು ಖಣ ನೇಯುತ್ತಿದ್ದರು, ಅವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಖಣವೆಂದರೆ ನಮ್ಮ ಕಡೆ ಹೆಂಗಸರು ಕುಪ್ಪಸ ಹೊಲಿಸಿಕೊಳ್ಳುವ ಬಟ್ಟೆ, ನಿಮಗೆ ಗೊತ್ತೇ ಇದೆ. ಮಗ್ಗದ ಸದ್ದು ನಿಂತರೆ ನಮಗೆ ಎಚ್ಚರವಾಗುತ್ತಿತ್ತು. ಇಲ್ಲಿ ಪಕ್ಕದ ಶೆಡ್ಡಿನಲ್ಲಿ ತಗಡು ಕತ್ತರಿಸುವ ಯಂತ್ರ ಹಗಲೆಲ್ಲ ಕಿರುಚುತ್ತದೆ, ಅದರ ಸದ್ದಿಗೆ ಯಾರೂ ಯಾರನ್ನೂ ಮಾತಾಡಿಸುವ ಹಾಗಿಲ್ಲ. ಮೊದಲ ವರ್ಷ ನಾನು ದಿನಕ್ಕೆ ಹತ್ತು ಮಾತು ಆಡಿದ್ದರೆ ಹೆಚ್ಚು.

ಜೋಳದ ರೊಟ್ಟಿ ಸಿಗಲಿಕ್ಕಿಲ್ಲ ಅಂತ ಹೆದರಿಕೊಂಡು ಬಂದಿದ್ದೆ, ಸಿಕ್ಕಿತು. ಅದಕ್ಕೆ ಇಲ್ಲಿ ಜೊನ್ನ ರೊಟ್ಟೆ ಅನ್ನುತ್ತಾರೆ. ಆದರೆ ಜೊತೆಗೆ ಬರುವ ಪುಂಡಿಪಲ್ಯಕ್ಕೆ ಗೊಂಗೂರ ಅನ್ನುತ್ತಾರೆ, ಎಣ್ಣೆ ಸುರಿದು ಬೇರೆಯೇ ಮಾಡುತ್ತಾರೆ. ಅದನ್ನು ಬಾಯಿಗಿಟ್ಟಾಗೆಲ್ಲ ಯಾರೋ ನೆಂಟರ ಮನೆಯಲ್ಲಿ ಊಟಕ್ಕೆ ಕೂತ ಹಾಗಾಗುತ್ತಿತ್ತು, ಎದ್ದು ಮನೆಗೆ ಹೋಗಬೇಕು ಅನ್ನಿಸುತ್ತಿತ್ತು. ಅಮೀರ್‌ಪೇಟ್‌ನ ಹಾಸ್ಟೆಲ್ಲಿನ ಹುಡುಗಿಯರಿಗೆ ಸೀರೆಗೆ ಫಾಲ್ ಹಚ್ಚುವುದು, ಚೂಡಿದಾರ ಬಿಗಿ ಮಾಡುವುದು, ಇಂಥ ಕೆಲಸ ಹಿಡಿದ ಮೇಲೆ ನಾಲ್ಕು ಮಾತು ತೆಲುಗು ಬಂತು. ಬಸ್ಸಿನಲ್ಲಿ ಕಂಡಕ್ಟರನ ಜೊತೆ ತೆಲುಗಿನಲ್ಲಿ ಜಗಳಾಡಿ ಗೆದ್ದ ದಿನ ಮನೆಗೆ ಬಂದು ನಾನೇ ಸಿಹಿ ಸಜ್ಜಕ ಮಾಡಿಕೊಂಡು ತಿಂದೆ.

ಚೊಚ್ಚಲ ಕೂಸು ಇದೇ ಊರಿನಲ್ಲಿ ಹುಟ್ಟಿತು, ಉಳಿಯಲಿಲ್ಲ. ಗಂಡು. ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಬಂತು, ಅದರಲ್ಲೇ ಹೋಯಿತು. ನಮ್ಮಲ್ಲಿ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ತುಂಬಿ ಬಾಳಿದವರು ಉಟ್ಟು ಮೆತ್ತಗಾದ ಬಟ್ಟೆಗಳನ್ನು ಕತ್ತರಿಸಿ, ಪದರ ಹಾಕಿ ಕೌದಿ ಹೊಲಿದು ಅದರ ಮೇಲೆ ಮಲಗಿಸುತ್ತಾರೆ. ಉಟ್ಟವರ ಆಯುಷ್ಯ ಕೂಸಿಗೆ ಹತ್ತಲಿ ಅಂತ. ಬಾಣಂತನಕ್ಕೆ ಮೊದಲೇ ಬಸುರಿಯ ತಾಯಿ ಹೊಲಿದಿಡಬೇಕಾದ ಕೌದಿ ಅದು. ಅವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದಳು, ನನಗೆ ಕೌದಿಯ ನೆನಪೇ ಆಗಿರಲಿಲ್ಲ. ಕೂಸು ಹೋದದ್ದು ಕೌದಿ ಇಲ್ಲದ್ದಕ್ಕಲ್ಲ, ನನಗೂ ಅಷ್ಟು ತಿಳಿಯುತ್ತದೆ. ತಿಳಿದರೂ ಆ ಹಸಿರು ಬಟ್ಟೆ ಕಣ್ಣಮುಂದಿನಿಂದ ಹೋಗಲಿಲ್ಲ.

ಮತ್ತೆ ದಿನ ತುಂಬತೊಡಗಿದಾಗ, ಈ ಸಲ ಅವ್ವನ ಬಟ್ಟೆಯ ಮೇಲೆಯೇ ಕೂಸನ್ನು ಮಲಗಿಸಬೇಕು ಅಂತ ಹಟ ಹಿಡಿದೆ. ಆದರೆ ಅವ್ವನ ಬಟ್ಟೆ ಎಲ್ಲಿತ್ತು? ಎಲ್ಲವನ್ನೂ ಪದ್ಧತಿಯಂತೆ ಬೀದಿಗೆ ಹಾಕಿಬಿಟ್ಟಿದ್ದರು. ಉಳಿದದ್ದು ಒಂದೇ ಕುಪ್ಪಸ. ಅವಳಿರುವಾಗಲೇ ಅಳತೆಗೆಂದು ನಾನು ಹೈದರಾಬಾದಿಗೆ ತಂದಿಟ್ಟುಕೊಂಡಿದ್ದೆ, ಹಾಗಾಗಿ ಉಳಿಯಿತು. ಕೆಂಪು ಖಣ, ಅದರಲ್ಲಿ ಸೂಜಿಮಲ್ಲಿಗೆ ಬಳ್ಳಿ. ಅಪ್ಪ ನೇಯ್ದದ್ದು. ಬಿಚ್ಚಿದರೆ ಬೆನ್ನಿನ ಭಾಗ, ಎರಡು ತೋಳು, ಅಷ್ಟೇ. ಅದರಿಂದ ಕೌದಿಯಿರಲಿ, ದಿಂಬಿನ ಚೀಲವೂ ಆಗದು.

ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ಅಂಥದೇ ಖಣ ಕಂಡಾಗ ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಅದೇ ಕೆಂಪು, ಅದೇ ಬಳ್ಳಿ. ಅಂಗಡಿಯವನು ಥಾನು ಬಿಚ್ಚಿ ಹರಡಿ, "ಅಸಲೀಚ್ ಹೈ ಅಮ್ಮಾ, ಹಾಥ್ ಲಗಾಕೇ ದೇಖೋ" ಅಂದ. ಮುಟ್ಟಿ, ತಿರುಗಿಸಿ ನೋಡಿದೆ. ಹಿಂದುಗಡೆ ಬೋಳು ಬಿಳುಪು. ನಮ್ಮ ಖಣದ ಹೂವು ನೇಯ್ಗೆಯಲ್ಲೇ ಬರುತ್ತದೆ, ಹಿಂದೆಯೂ ಎಳೆ ಕಾಣುತ್ತದೆ. ಇದು ಗಿರಣಿಯ ಹತ್ತಿಯ ಮೇಲೆ ಒತ್ತಿದ ಅಚ್ಚು. ಸಿಟ್ಟು ಬಂತು. ಆದರೂ ಕೈ ಬಿಡಲಿಲ್ಲ, ಒಂದಿಷ್ಟು ಕೊಯ್ಯಿಸಿಕೊಂಡು ಬಂದೆ. ಹೊಸ ಬಟ್ಟೆ, ಕೂಸಿನ ಕೌದಿಗೆ ಸಲ್ಲ ಅಂತ ಗೊತ್ತಿತ್ತು. ಅವ್ವನ ತುಂಡುಗಳ ಸುತ್ತ ಅದನ್ನಿಟ್ಟರೆ ಎಲ್ಲವೂ ಅವಳದೇ ಅನ್ನುವಂತೆ ಕಾಣುತ್ತದೆ ಅನ್ನುವ ಆಸೆ ಗೆದ್ದಿತು.

ಮಿಕ್ಕ ತುಂಡುಗಳನ್ನು ಹಾಸ್ಟೆಲ್ಲಿನ ಹುಡುಗಿಯರು ಕೊಟ್ಟರು. ಬೀದಿಗೆ ಬೀಳುವ ಮೊದಲೇ ನಾನು ಕೇಳಿಕೊಂಡೆ, ಅವರು ತೊಟ್ಟು ಓಡಾಡಿದ ಬಟ್ಟೆ, ಯಾರ ಸಾವಿನದೂ ಅಲ್ಲ. ಕಂಪ್ಯೂಟರ್ ಸಂಸ್ಥೆಯ ಹೆಸರಿದ್ದ ಟೀ ಶರ್ಟು, ಮೊಣಕಾಲು ಬೆಳ್ಳಗಾದ ಜೀನ್ಸ್, ಹಳದಿ ದುಪಟ್ಟಾ. ಇವನ್ನೆಲ್ಲ ಒಂದು ಕೌದಿಯಲ್ಲಿ ಕೂಡಿಸುವುದು ಒಂದೇ ಕೋಣೆಯಲ್ಲಿ ನಾಲ್ವರು ಸೊಸೆಯರನ್ನು ಇಟ್ಟ ಹಾಗೆ. ಟೀ ಶರ್ಟು ಎಳೆದತ್ತ ಹಿಗ್ಗುತ್ತದೆ, ಜೀನ್ಸಿನಲ್ಲಿ ಸೂಜಿ ಮುರಿಯುತ್ತದೆ, ದುಪಟ್ಟಾ ಬೆರಳಿನಡಿ ಜಾರುತ್ತದೆ, ಅವ್ವನ ಖಣ ದಾರ ಬಿಗಿದರೆ ಬಾಯಿಬಿಡುತ್ತದೆ. ಟೀ ಶರ್ಟಿಗೆ ಹಳೇ ಧೋತರದ ಅಸ್ತರು ಕೊಟ್ಟೆ, ಜೀನ್ಸನ್ನು ಅಂಚಿಗೆ ತಳ್ಳಿದೆ. ಅವ್ವನ ಒಂದೊಂದು ತುಂಡಿನ ಸುತ್ತ ನಾಲ್ಕು ಅಚ್ಚಿನ ಖಣ. ಅಂಚಿನಿಂದ ಒಳಕ್ಕೆ ಸುತ್ತುತ್ತ ಸುತ್ತುತ್ತ ಟಾಕು ಹಾಕುತ್ತ ಬಂದೆ. ದೂರದಿಂದ ನೋಡಿದರೆ ನಟ್ಟನಡುವೆ ಅವ್ವ ಬೆನ್ನು ತೋರಿಸಿ ಕೂತ ಹಾಗಿತ್ತು.

"ಏಂದಿ ಬಿಡ್ಡಾ, ಬೊಂತ ಕುಡ್ತುನ್ನವಾ?" ಅನ್ನುತ್ತ ಯಾದಮ್ಮ ಮೇಲೆ ಬಂದಳು. ಬೊಂತ ಅಂದರೆ ನಮ್ಮ ಕೌದಿಯೇ, ಹೊಲಿಯುತ್ತಿದ್ದೀಯಾ ಅಂತ ಕೇಳಿದ್ದು. ಬಿಡ್ಡ ಅಂದರೆ ಮಗು. ನಾಲ್ಕು ಮಕ್ಕಳನ್ನು ಹೆತ್ತು, ಅವರ ಮಕ್ಕಳನ್ನೂ ಎತ್ತಿದ ಹೆಂಗಸು. ಕೌದಿಯನ್ನು ಮುಟ್ಟಿ ನೋಡಿದಳು, ಮಂಚಿದಿ, ಒಳ್ಳೆಯದು ಅಂದಳು, ಹೋದಳು.

ಹೆರಿಗೆ ಹತ್ತಿರ ಬಂದಾಗ ಕೌದಿಯನ್ನು ಕಾಸಿದ ನೀರಿನಲ್ಲಿ ನೆನೆಸಿ ಒಗೆದೆ. ಕೂಸಿನ ಕೌದಿಯನ್ನು ಹಾಗೆ ಒಗೆದು ಬಿಸಿಲಿಗೆ ಹಾಕಿಯೇ ಬಳಸಬೇಕು. ಬಕೆಟ್ಟಿನ ನೀರು ಕೆಂಪಾಯಿತು. ಎತ್ತಿ ಹಿಂಡಿ ಹರಡಿದರೆ, ಅಚ್ಚಿನ ಖಣ ಕುಗ್ಗಿ ಸುತ್ತಲಿನ ಬಟ್ಟೆಯನ್ನೆಲ್ಲ ತನ್ನತ್ತ ಎಳೆದುಕೊಂಡಿತ್ತು. ಆ ಎಳೆತಕ್ಕೆ ಅವ್ವನ ತುಂಡುಗಳು ಒಂದೂ ಬಿಡದೆ ನಡುವೆ ಸೀಳಿದ್ದವು. ಹೊಸ ಹತ್ತಿಯನ್ನು ಮೊದಲು ನೆನೆಸಬೇಕು ಅಂತ ನನಗೆ ಗೊತ್ತಿಲ್ಲವೇ? ಹುಡುಗಿಯರ ಸೀರೆಗೆ ಹಚ್ಚುವ ಫಾಲನ್ನು ನೆನೆಸದೆ ಒಂದು ದಿನವೂ ಹೊಲಿದವಳಲ್ಲ ನಾನು. ಆದರೆ ಕೌದಿಯ ಕೆಲಸ ಅವ್ವ ಕಲಿಸಿದ್ದು. ಅವಳು ಕಲಿಸಿದ್ದರಲ್ಲಿ ನೆನೆಸುವುದು ಅನ್ನುವುದೇ ಇಲ್ಲ. ನಮ್ಮಲ್ಲಿ ಕೌದಿಗೆ ಬರುವ ಬಟ್ಟೆ ವರ್ಷಗಟ್ಟಲೆ ಕಲ್ಲಿನ ಮೇಲೆ ಬಡಿಸಿಕೊಂಡು, ಕುಗ್ಗುವಷ್ಟು ಕುಗ್ಗಿಯೇ ಬಂದಿರುತ್ತದೆ. ಹೊಸ ಬಟ್ಟೆಯನ್ನು ಕೌದಿಗೆ ಹಾಕಿದವರೇ ನಮ್ಮಲ್ಲಿ ಇರಲಿಲ್ಲ, ಮತ್ತೆ ಹೇಳುವವರು ಯಾರು?

ಒದ್ದೆ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಹೊಟ್ಟೆಯಲ್ಲಿ ಕೂಸು ಹೊರಳುತ್ತಿತ್ತು, ನನಗೆ ಅದರ ಮೇಲೆ ಕೈಯಿಡಲೂ ಹೆದರಿಕೆ. ಈ ಕೂಸೂ ನಿಲ್ಲುವುದಿಲ್ಲ ಅನ್ನಿಸಿಬಿಟ್ಟಿತ್ತು. ಸಂಜೆ ನಮ್ಮ ಮನೆಯವರು ಬಂದು ನೋಡಿ, "ಬಟ್ಟಿ ಹರದೈತಿ, ಅಷ್ಟ. ಕೂಸಿಗೇನ ಆಗೇತಿ? ಸುಮ್ನ ಯಾಕ ಅಳಾಕತ್ತಿ?" ಅಂದರು. "ನಿಮಗ ತಿಳಿಯೂದಿಲ್ರಿ" ಅಂತ ಚೀರಿದೆ. ಅವರು ಮೂಲೆಯಲ್ಲಿ ಹೋಗಿ ಕೂತರು, ಅವರಿಗೂ ಅದೇ ಹೆದರಿಕೆ ಇತ್ತು ಅಂತ ಆಮೇಲೆ ತಿಳಿಯಿತು.

ನನ್ನ ಚೀರಾಟ ಕೇಳಿಯೇ ಯಾದಮ್ಮ ಮೇಲೆ ಬಂದದ್ದು. ಕೌದಿಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಏಡ್ವಕು ಬಿಡ್ಡಾ. ಅಮ್ಮ ಗುಡ್ಡ ಲೋಪಲ ಪೆಟ್ಟು" ಅಂದಳು. ಅಳಬೇಡ, ಅಮ್ಮನ ಬಟ್ಟೆಯನ್ನು ಒಳಗಿಡು. ಹರಿದದ್ದನ್ನು ಪದರದ ನಡುವೆ ಇಟ್ಟು ಮೇಲೆ ಬೇರೆ ಬಟ್ಟೆ ಹಾಕಿ ಹೊಲಿದರೆ ಮತ್ತೆ ಯಾರೂ ಅದನ್ನು ಎಳೆಯಲಾರರು ಅನ್ನುವುದು ಅವಳ ಲೆಕ್ಕ. ನಾನು ಆಗಲ್ಲ ಅಂದೆ. ನಮ್ಮ ಕೌದಿಯಲ್ಲಿ ಹೆಸರಿದ್ದವರ ಬಟ್ಟೆ ಮೇಲೆ ಬರಬೇಕು. ತೊಟ್ಟಿಲ ದಿನ ಹೆಂಗಸರು ಸುತ್ತ ಕೂತು, ಒಂದೊಂದು ತುಂಡಿನ ಮೇಲೆ ಬೆರಳಿಟ್ಟು ಇದು ಯಾರದು ಅಂತ ಕೇಳುತ್ತಾರೆ, ತಾಯಿ ಹೆಸರು ಹೇಳುತ್ತಾಳೆ. ಒಳಗೆ ತುಂಬುವುದು ಯಾರದೆಂದು ಗೊತ್ತಿಲ್ಲದ ಚಿಂದಿಯನ್ನು. ಅವ್ವನನ್ನು ಅಲ್ಲಿ ಹೇಗೆ ಇಡಲಿ?

ಯಾದಮ್ಮ ವಾದ ಮಾಡಲಿಲ್ಲ. ಕೆಳಗೆ ಹೋಗಿ ತನ್ನದೊಂದು ಹಸಿರು ನೂಲಿನ ಸೀರೆ ತಂದಳು. ಉಟ್ಟು ಉಟ್ಟು ಅದರ ಅಂಚು ಕೂದಲಿನಷ್ಟು ಮೆತ್ತಗಾಗಿತ್ತು. ತನ್ನ ಕೈಯಿಂದಲೇ ಹರಿದು ನನ್ನ ಮುಂದಿಟ್ಟಳು. ಹಸಿರು ಬಟ್ಟೆಯೆಂದರೆ ಬೆಚ್ಚುತ್ತಿದ್ದವಳು ನಾನು. ಆದರೆ ಅದಕ್ಕೆ ಆಸ್ಪತ್ರೆಯ ವಾಸನೆ ಇರಲಿಲ್ಲ, ಅರಿಶಿನ ಮತ್ತು ಒಲೆಯ ಹೊಗೆಯ ವಾಸನೆ ಇತ್ತು. ಮರುದಿನದಿಂದ ಟಾಕು ಬಿಚ್ಚಲು ಕೂತೆ. ಅವ್ವನ ಸೀಳುಗಳನ್ನು ಜೋಡಿಸಿ ನಡುವೆ ಹರಡಿ, ಮೇಲೆ ಯಾದಮ್ಮನ ಸೀರೆ ಹೊಚ್ಚಿ ಹೊಲಿದೆ. ಕುಗ್ಗಿ ಬಣ್ಣ ಬಿಟ್ಟ ಅಚ್ಚಿನ ಖಣವನ್ನು ಅದರ ಸುತ್ತ ಹಾಗೇ ಬಿಟ್ಟೆ. ಹೊಲಿಯುವಾಗ ಅತ್ತೆ. ಅವ್ವನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗಿತ್ತು.

ಮಗಳು ಹುಟ್ಟಿದಳು. ಉಳಿದಳು. ಮೊದಲ ವಾರ ನಾನು ಅವಳ ಮೂಗಿನ ಮುಂದೆ ಬೆರಳು ಹಿಡಿದೇ ಕೂತಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳನ್ನು ನನ್ನ ಕೈಯಿಂದ ಇಸಿದುಕೊಂಡು ಕೌದಿಯ ಮೇಲೆ ಮಲಗಿಸಿದವಳು ಯಾದಮ್ಮ.

ಮಗಳು ಮಗ್ಗಲು ಹೊರಳುವ ಹೊತ್ತಿಗೆ, ತೊಟ್ಟಿಲಿಗೆ ಹಾಕಿ ಹೆಸರಿಡಲು ಗುಳೇದಗುಡ್ಡಕ್ಕೆ ಹೋದೆವು. ಚಿಗವ್ವನ ಮನೆಯಲ್ಲಿ, ಅಂದರೆ ಅವ್ವನ ತಂಗಿಯ ಮನೆಯಲ್ಲಿ, ಕಾರ್ಯ. ಹೆಂಗಸರು ಕೌದಿಯ ಸುತ್ತ ಕೂತರು. "ಇದ ಯಾರದವಾ?" ಅಂತ ಜೀನ್ಸಿನ ಮೇಲೆ ಬೆರಳಿಟ್ಟರು. ನಾನು ಹಾಸ್ಟೆಲ್ಲಿನ ಹುಡುಗಿಯರ ಹೆಸರು ಹೇಳುತ್ತ ಹೋದೆ. ಅವರಿಗೆ ಒಂದೂ ಪರಿಚಯವಿಲ್ಲ, ಮುಖಮುಖ ನೋಡಿಕೊಂಡರು. ಕಣ್ಣಿಗೆ ಪೊರೆ ಬಂದಿದ್ದ ಚಿಗವ್ವ ಮಾತ್ರ ನಡುವಿನ ಹಸಿರಿನ ಸುತ್ತಲ ಅಚ್ಚಿನ ಖಣದ ಮೇಲೆ ಅಂಗೈ ಆಡಿಸುತ್ತಿದ್ದಳು. "ಇದ ಹೇಳಬ್ಯಾಡ, ನನಗ ಗೊತ್ತಾತು. ನಮ್ಮಕ್ಕನ ಸೂಜಿಮಲ್ಲಿಗಿ" ಅಂದಳು. ಬಗ್ಗಿ ಅದಕ್ಕೆ ಕೆನ್ನೆ ಹಚ್ಚಿ ಅಳತೊಡಗಿದಳು. ಉಳಿದವರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದನ್ನ ಇಲ್ಲೇ ಬಿಟ್ಟ ಹೋಗವಾ. ಅಕ್ಕನ ಕುರುಹು ಅಕ್ಕನ ಊರಾಗ ಇರ್ಲಿ. ಕೂಸಿಗೆ ನಾ ಬ್ಯಾರೆ ಕೌದಿ ಹೊಲದೀನಿ, ಎಲ್ಲಾ ನಮ್ಮ ಮಂದೀವ ಬಟ್ಟಿ" ಅಂದಳು ಚಿಗವ್ವ. ಕೈ ಇನ್ನೂ ಆ ಖಣದ ಮೇಲೇ ಇತ್ತು. ಇನ್ನು ಸುಮ್ಮನಿದ್ದರೆ ನನ್ನ ಅವ್ವನನ್ನು ಇಲ್ಲಿ ಬಿಟ್ಟು ಹೋಗಬೇಕಿತ್ತು. "ಚಿಗವ್ವ, ಅದು ಅವ್ವಂದಲ್ಲ. ಅದು ಹೈದ್ರಾಬಾದಿನ ಪ್ಯಾಟ್ಯಾಗಿಂದು, ಅಚ್ಚ ಒತ್ತಿದ್ದು" ಅಂದೆ. ಅವಳ ಕೈ ಹಿಡಿದು ಪಕ್ಕದ ಹಸಿರು ಸೀರೆಯ ಮೇಲಿಟ್ಟೆ. "ಅವ್ವ ಇದರ ಒಳಗ ಅದಾಳ."

ಚಿಗವ್ವ ಒತ್ತಿ ನೋಡಿದಳು. ಒಳಗಿನ ಪದರ ಅವಳ ಬೆರಳಿಗೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. "ಈ ಸೀರಿ ಯಾರದು?"

"ಯಾದಮ್ಮಂದು. ನಮ್ಮ ಕೆಳಗಿನ ಮನ್ಯಾಕಿ."

"ಯಾವ ಮಂದಿ?"

ನಾನು ಅವಳ ಜಾತಿ ಯಾವತ್ತೂ ಕೇಳಿರಲಿಲ್ಲ. "ಗೊತ್ತಿಲ್ಲ ಚಿಗವ್ವ. ನಮ್ಮವ್ವನ ಮ್ಯಾಲ ಹೊಚ್ಚಿದಾಕಿ" ಅಂದೆ.

ಚಿಗವ್ವ ನನ್ನ ತೊಡೆಯಿಂದ ಕೂಸನ್ನು ಎತ್ತಿಕೊಂಡು ತಾನೇ ಆ ಹಸಿರು ಸೀರೆಯ ಮೇಲೆ ಮಲಗಿಸಿದಳು. ತಾನು ಹೊಲಿದ ಕೌದಿಯನ್ನು ಮಡಿಚಿ ನನ್ನ ಚೀಲಕ್ಕೆ ಹಾಕಿದಳು. "ಎರಡೂ ಒಯ್ಯಿ. ನೀ ಇನ್ನ ಆ ಊರಾಕಿ ಆದಿ ಬಿಡು" ಅಂದಳು. ಸಿಟ್ಟಿನಿಂದ ಅಂದದ್ದಲ್ಲ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅನ್ನುವ ದನಿಯಲ್ಲಿ ಅಂದಳು.

ಹೈದರಾಬಾದಿಗೆ ಮರಳಿದ ದಿನ ಮಗಳನ್ನು ನೋಡಲು ಯಾದಮ್ಮನ ನೆಂಟರು ಬಂದಿದ್ದರು. ಇವಳು ಯಾರು ಅಂತ ಅವರು ನನ್ನನ್ನು ತೋರಿಸಿ ಕೇಳಿದರು. ಯಾದಮ್ಮ ಪ್ರೀತಿಯಿಂದಲೇ ನನ್ನ ತಲೆ ಸವರುತ್ತ, "ಮಾ ಕರ್ಣಾಟಕಾಮೆ" ಅಂದಳು. ನಮ್ಮ ಕರ್ನಾಟಕದವಳು ಅಂತ.